ಗಿಟಾರ್ ನುಡಿಸೋಕೆ ಥಿಯರಿ ಬೇಕಾ? ಬೇಕಾದರೆ ಎಷ್ಟು, ಯಾವ ದಾರಿಯಲ್ಲಿ?

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಒಬ್ಬರೇ ಕೂತು ಇಷ್ಟದ ನಾಲ್ಕು ಹಾಡು ನುಡಿಸಿಕೊಂಡು ಖುಷಿಯಾಗಿ ಇರುವವರಿಗೆ ಥಿಯರಿ, ಅಂದರೆ ಸ್ವರ, ಲಯ ಹೇಗೆ ಒಂದಕ್ಕೊಂದು ಸೇರುತ್ತವೆ ಅನ್ನುವ ತಿಳಿವಳಿಕೆ, ಬೇಕಿಲ್ಲ. ಇನ್ನೊಬ್ಬರ ಜೊತೆ ಕೂತು ನುಡಿಸಬೇಕು ಅಂದ ತಕ್ಷಣ ಸ್ವಲ್ಪ ಬೇಕೇ ಬೇಕು. ಆ ಸ್ವಲ್ಪ ಅಂದರೆ ಎಷ್ಟು ಅನ್ನುವುದರಲ್ಲೇ ಎಲ್ಲರ ಗೊಂದಲ.

ಮುಂಬೈಯ ಕನ್ನಡದ ಮನೆಗಳಲ್ಲಿ ಇದು ಇನ್ನೂ ಜಾಸ್ತಿ. ಡೊಂಬಿವಲಿಯಲ್ಲೋ ಮುಲುಂಡ್‌ನಲ್ಲೋ ಮಗಳು ಚಿಕ್ಕವಳಿದ್ದಾಗಲೇ ಕರ್ನಾಟಕ ಸಂಗೀತದ ಸರಳೆ ವರಸೆ, ಜಂಟಿ ವರಸೆ ಮುಗಿಸಿರುತ್ತಾಳೆ. ಕಾಲೇಜಿಗೆ ಬಂದ ಮೇಲೆ ಗಿಟಾರ್ ಬೇಕು ಅನ್ನುತ್ತಾಳೆ. ವಿಚಾರಿಸಲು ಹೋದರೆ ಒಬ್ಬ ಮೇಷ್ಟ್ರು ಗ್ರೇಡ್ ಪರೀಕ್ಷೆ ಕಟ್ಟಿಸಿ ಅನ್ನುತ್ತಾರೆ. ಇನ್ನೊಬ್ಬರು ಅದೆಲ್ಲ ಯಾಕೆ, ಬೇಗ ಹಾಡು ನುಡಿಸೋ ಹಾಗೆ ಮಾಡುತ್ತೇನೆ ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ನನ್ನ ಲೆಕ್ಕದಲ್ಲಿ ಎದುರಿಗಿರುವುದು ನಾಲ್ಕು ದಾರಿ. ಟ್ಯಾಬ್ (ಯಾವ ತಂತಿ, ಎಲ್ಲಿ ಒತ್ತಬೇಕು ಅಂತ ಅಂಕಿಯಲ್ಲಿ ಬರೆದದ್ದು) ನೋಡಿ, ಕಿವಿಯಿಂದ ಕೇಳಿ ಕಲಿಯುವುದು. ಕೈಗೆ ಬೇಕಾದಷ್ಟು ಥಿಯರಿ ಕಲಿಯುವುದು. ಈಗಾಗಲೇ ಗೊತ್ತಿರುವ ಸರಿಗಮದಿಂದ ಒಳಗೆ ಬರುವುದು. ಐದು ಗೆರೆಯ ನೊಟೇಶನ್ ಓದಿ ಗ್ರೇಡ್ ಪರೀಕ್ಷೆ ಕಟ್ಟುವುದು. ಒಂದನ್ನು ಹಿಡಿದರೆ ಉಳಿದವು ಬಿಟ್ಟಂತೆ ಏನೂ ಇಲ್ಲ, ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಮುಖ್ಯ.

ಹೆಂಡ್ರಿಕ್ಸ್‌ಗೆ ಓದೋಕೆ ಬರ್ತಿರಲಿಲ್ಲ ಅನ್ನುವ ವಾದ

ಥಿಯರಿ ಬೇಡ ಅನ್ನುವವರು ಯಾವಾಗಲೂ ಇದನ್ನೇ ಎತ್ತುತ್ತಾರೆ. ಮಾತು ನಿಜ. ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ನೊಟೇಶನ್ ಓದುತ್ತಿರಲಿಲ್ಲ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ತಮಗೆ ನೊಟೇಶನ್ ಓದೋಕೆ, ಬರೆಯೋಕೆ ಬರಲ್ಲ ಅಂತ ತಾವೇ ಹೇಳಿಕೊಂಡಿದ್ದಾರೆ. ಜಾಝ್‌ನ ದೊಡ್ಡ ಗಿಟಾರ್ ವಾದಕ ವೆಸ್ ಮಾಂಟ್ಗಮರಿಯೂ ಹಾಗೇ.

ಆದರೆ ಇಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಹೋಗಿವೆ. ನೊಟೇಶನ್ ಓದುವುದು ಒಂದು. ಯಾವ ಸ್ವರದ ಪಕ್ಕ ಯಾವುದು ಕೂರುತ್ತದೆ, ಯಾವ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಆದ ಮೇಲೆ ಯಾವುದು ಬಂದರೆ ಮನೆಗೆ ಬಂದ ಹಾಗೆ ಅನಿಸುತ್ತದೆ ಅಂತ ತಿಳಿದಿರುವುದು ಇನ್ನೊಂದು. ಮಾಂಟ್ಗಮರಿಗೆ ಓದು ಇರಲಿಲ್ಲ ಅಷ್ಟೆ, ಎರಡನೆಯದು ಬೆರಳ ತುದಿಯಲ್ಲಿತ್ತು. ಅವರು ಅದನ್ನು ರೆಕಾರ್ಡ್ ಕೇಳಿ ಕೇಳಿ, ಹಗಲು ರಾತ್ರಿ ನುಡಿಸಿ ಸಂಪಾದಿಸಿದರು. ಅಷ್ಟು ಹೊತ್ತು ಕೊಡಲು ಆಗದವರಿಗೆ, ಅಂದರೆ ದಿನಾ ಲೋಕಲ್‌ನಲ್ಲಿ ಹೋಗಿ ಬಂದು ರಾತ್ರಿ ಅರ್ಧ ಗಂಟೆ ಗಿಟಾರ್ ಹಿಡಿಯುವ ನಮ್ಮಂಥವರಿಗೆ, ಅದೇ ತಿಳಿವಳಿಕೆಯನ್ನು ಬೇಗ ಕೊಡುವುದೇ ಥಿಯರಿಯ ಕೆಲಸ.

ಟ್ಯಾಬ್ ಮತ್ತು ಕಿವಿ

ಟ್ಯಾಬ್ ಅಂದರೆ ಆರು ಗೆರೆ, ಆರು ತಂತಿ. ದಪ್ಪ ತಂತಿ ಕೆಳಗೆ. ಗೆರೆಯ ಮೇಲೆ 3 ಅಂತ ಇದ್ದರೆ ಆ ತಂತಿಯ ಮೂರನೇ ಫ್ರೆಟ್ (ಗಿಟಾರ್ ಕುತ್ತಿಗೆಯ ಅಡ್ಡಪಟ್ಟಿಗಳ ನಡುವಿನ ಮನೆ) ಒತ್ತಬೇಕು. ಮೊದಲ ದಿನವೇ ಅರ್ಥವಾಗುತ್ತದೆ, ಅದೇ ಇದರ ದೊಡ್ಡ ಗುಣ. ಹೊಸಬರ ಬೆರಳ ತುದಿ ಇನ್ನೂ ಉರಿಯುತ್ತಿರುವಾಗ ಸುಮ್ನೆ ತಲೆಗೂ ಭಾರ ಹಾಕಬಾರದು. ಮೊದಲ ಎರಡು ಮೂರು ತಿಂಗಳು ತಂತಿಗಳ ಹೆಸರು, ಶ್ರುತಿ ಮಾಡುವುದು, ಏಳೆಂಟು ಕಾರ್ಡ್, ನಾಲ್ಕು ಹಾಡು, ಇಷ್ಟು ಸಾಕು ಅಂತಲೇ ನಾನು ಹೇಳುವುದು. ಆಗಲೇ ಸ್ಕೇಲು (ಸ್ವರಗಳ ಏಣಿ), ಮೋಡು (ಅದರ ಬಗೆಗಳು) ಅಂತ ಶುರು ಮಾಡಿದರೆ ಗಿಟಾರ್ ಕಪಾಟಿನ ಮೇಲೆ ಹೋಗಿ ಕೂರುತ್ತದೆ.

ಟ್ಯಾಬ್‌ನ ಕೊರತೆ ಆಮೇಲೆ ಕಾಣುತ್ತದೆ. ಅಂತರ್ಜಾಲದಲ್ಲಿ ಸಿಗುವ ಹೆಚ್ಚಿನ ಟ್ಯಾಬ್‌ಗಳಲ್ಲಿ ಲಯ ಬರೆದಿರುವುದಿಲ್ಲ, ಹಾಡು ಮೊದಲೇ ಕೇಳಿದ್ದರೆ ಮಾತ್ರ ನುಡಿಸಬಹುದು. ತಪ್ಪಿದ್ದರೆ ತಪ್ಪು ಅಂತ ಗೊತ್ತಾಗುವುದೂ ಇಲ್ಲ. ಎಲ್ಲಕ್ಕಿಂತ ಮುಖ್ಯ, ಟ್ಯಾಬ್ ಬರೆದ ಶ್ರುತಿಯಿಂದ ಆಚೆ ಅಲ್ಲಾಡುವುದಿಲ್ಲ.

ಅದು ಎಲ್ಲಿ ಕೈ ಕೊಡುತ್ತದೆ ಅಂತ ಒಂದು ರಿಹರ್ಸಲ್‌ನಲ್ಲಿ ನೋಡೋಣ. ರಾಜ್ಯೋತ್ಸವಕ್ಕೆ ಭಾವಗೀತೆ ಕಾರ್ಯಕ್ರಮ. ಮಾಟುಂಗಾದ ಮೈಸೂರು ಅಸೋಸಿಯೇಷನ್ನೇ ಇರಲಿ, ಸೊಸೈಟಿಯ ಹಾಲೇ ಇರಲಿ, ಚಿತ್ರ ಒಂದೇ. ಗಿಟಾರ್ ಹುಡುಗ ಮನೆಯಲ್ಲಿ ಜಿ ಮೇಜರ್‌ನಲ್ಲಿ, ಅಂದರೆ ಜಿ ಸ್ವರವನ್ನೇ ಸ ಮಾಡಿಕೊಂಡು, ಹಾಡು ಗಟ್ಟಿ ಮಾಡಿಕೊಂಡು ಬಂದಿದ್ದಾನೆ. ಜಿ, ಇ ಮೈನರ್, ಸಿ, ಡಿ. ಹಾಡುವ ಅಕ್ಕ "ನಂದು ಕಾಳೀ ದೋನ್" ಅನ್ನುತ್ತಾರೆ. ಹಾರ್ಮೋನಿಯಂನವರು ತಲೆಯಾಡಿಸಿ ಎರಡನೇ ಕಪ್ಪು ಮನೆ ಹಿಡಿಯುತ್ತಾರೆ. ಪಿಟೀಲಿನವರು "ಎರಡೂವರೆ ಮನೆ ಅಲ್ವಾ" ಅಂತ ತಂತಿ ತಿರುಗಿಸುತ್ತಾರೆ. ಗಿಟಾರ್ ಭಾಷೆಯಲ್ಲಿ ಅದು ಡಿ ಶಾರ್ಪ್.

ಟ್ಯಾಬ್ ಮಾತ್ರ ಗೊತ್ತಿದ್ದರೆ ಅವನ ಕೈಯಲ್ಲಿರುವುದು ಕ್ಯಾಪೋ ಒಂದೇ, ಅಂದರೆ ಒಂದು ಫ್ರೆಟ್‌ನಲ್ಲಿ ಎಲ್ಲ ತಂತಿ ಒತ್ತಿ ಶ್ರುತಿ ಏರಿಸುವ ಕ್ಲಿಪ್. ಜಿಯಿಂದ ಡಿ ಶಾರ್ಪ್‌ಗೆ ಎಂಟು ಫ್ರೆಟ್. ಎಂಟನೇ ಫ್ರೆಟ್‌ಗೆ ಕ್ಯಾಪೋ ಹಾಕಿದರೆ ಬೆರಳಿಗೆ ಜಾಗ ಇಲ್ಲ, ಕೆಳಗಿನ ಗಟ್ಟಿ ನಾದವೆಲ್ಲ ಮಾಯ, ಆಟದ ಗಿಟಾರ್ ಥರ ಕಿರುಗುಟ್ಟುತ್ತದೆ. ಸ್ವಲ್ಪ ಥಿಯರಿ ಗೊತ್ತಿದ್ದವನು ಬೇರೆ ಥರ ಯೋಚಿಸುತ್ತಾನೆ. ತನ್ನ ನಾಲ್ಕು ಕಾರ್ಡ್ ಅಂದರೆ ಆ ಸ್ಕೇಲಿನ ಒಂದು, ಆರು, ನಾಲ್ಕು, ಐದನೇ ಸ್ವರದ ಮೇಲೆ ಕಟ್ಟಿದವು. ಅದನ್ನೇ ಸಿ ಆಕಾರದಲ್ಲಿ ಹಿಡಿದರೆ ಸಿ, ಎ ಮೈನರ್, ಎಫ್, ಜಿ, ಕ್ಯಾಪೋ ಮೂರಕ್ಕೆ. ಡಿ ಆಕಾರದಲ್ಲಾದರೆ ಡಿ, ಬಿ ಮೈನರ್, ಜಿ, ಎ, ಕ್ಯಾಪೋ ಒಂದಕ್ಕೆ. ಎರಡೂ ಡಿ ಶಾರ್ಪೇ. ಒಂದು ನಿಮಿಷದ ಕೆಲಸ. ಹಾಡುವವರು ಕಾಯಬೇಕಿಲ್ಲ, "ಸ್ವಲ್ಪ ಶ್ರುತಿ ಇಳಿಸ್ತೀರಾ" ಅಂತ ಅವರ ಗಂಟಲಿಗೆ ತೊಂದರೆ ಕೊಡಬೇಕಿಲ್ಲ. ಹಾಡುವವರ ಶ್ರುತಿಯೇ ಕಡೆಯ ಮಾತು. ವಾದ್ಯ ಅದಕ್ಕೆ ಬರಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕೈಗೆ ಬೇಕಾದಷ್ಟು ಥಿಯರಿ

ಹೆಚ್ಚಿನವರಿಗೆ ನಾನು ಹೇಳುವುದು ಈ ದಾರಿ. ಇದು ಅಂಥ ದೊಡ್ಡ ರಾಶಿಯೇನೂ ಅಲ್ಲ.

ಒಟ್ಟು ಸ್ವರಸ್ಥಾನ ಹನ್ನೆರಡು. ಒಂದು ಫ್ರೆಟ್ ಅಂದರೆ ಒಂದು ಹೆಜ್ಜೆ. ಹನ್ನೆರಡನೇ ಫ್ರೆಟ್‌ಗೆ ಬಂದಾಗ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಸಿಗುತ್ತದೆ. ತಂತಿಗಳು ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ, ಬಿ, ಇ. ಒಂದರಿಂದ ಮುಂದಿನದಕ್ಕೆ ಐದೈದು ಹೆಜ್ಜೆ, ಜಿಯಿಂದ ಬಿಗೆ ಮಾತ್ರ ನಾಲ್ಕು. ಆ ಒಂದು ಹೆಜ್ಜೆ ಕಡಿಮೆ ಇರುವುದರಿಂದಲೇ ಒಂದು ಕಡೆ ಕಲಿತ ಕಾರ್ಡ್ ಆಕಾರ ಪಕ್ಕದ ತಂತಿಗಳಿಗೆ ಸರಿಸಿದಾಗ ಬದಲಾಗುತ್ತದೆ. ಇದನ್ನು ಯಾರೂ ಹೇಳದಿದ್ದರೆ ಎಷ್ಟೋ ವರ್ಷ ಆಕಾರಗಳನ್ನು ಬಾಯಿಪಾಠ ಮಾಡುತ್ತಲೇ ಇರುತ್ತೀರಿ.

ಮೇಜರ್ ಸ್ಕೇಲ್ ಅಂದರೆ 2, 2, 1, 2, 2, 2, 1 ಹೆಜ್ಜೆ. ಯಾವುದಾದರೂ ಒಂದೇ ತಂತಿ ತೆಗೆದುಕೊಳ್ಳಿ. ಖಾಲಿ ತಂತಿ, ಆಮೇಲೆ 2, 4, 5, 7, 9, 11, 12ನೇ ಫ್ರೆಟ್. ಬಾಯಲ್ಲಿ ಹಾಡಿಕೊಂಡೇ ನುಡಿಸಿ. ಈ ಏಳು ಸ್ವರದಲ್ಲಿ ಒಂದು ಬಿಟ್ಟು ಒಂದು ತೆಗೆದರೆ ಕಾರ್ಡ್. ಒಂದು, ಮೂರು, ಐದು. ಅಷ್ಟೇ.

ಈಗ ಎಲ್ಲರನ್ನೂ ಅಳಿಸುವ ಎಫ್ ಕಾರ್ಡ್ ನೋಡಿ. ತೋರುಬೆರಳನ್ನು ಆರೂ ತಂತಿಯ ಮೇಲೆ ಮಲಗಿಸಿ ಒತ್ತಬೇಕು, ಹೊಸಬರಿಗೆ ಜಪ್ಪಯ್ಯ ಅಂದರೂ ನಾದ ಬರಲ್ಲ. ಆದರೆ ಅದರೊಳಗೆ ಇರುವುದು ಎಫ್, ಎ, ಸಿ ಮೂರೇ ಸ್ವರ. ಆರು ತಂತಿಯಲ್ಲಿ ಎಫ್ ಮೂರು ಸಲ, ಸಿ ಎರಡು ಸಲ, ಎ ಒಂದು ಸಲ ಬರುತ್ತದೆ. ಹಾಗಾದರೆ ಸಣ್ಣ ನಾಲ್ಕು ತಂತಿ ಸಾಕಲ್ವಾ? ಡಿ ತಂತಿಯ 3, ಜಿ ತಂತಿಯ 2, ಬಿ ಮತ್ತು ಸಣ್ಣ ಇ ತಂತಿಯ 1. ಎಫ್, ಎ, ಸಿ, ಎಫ್. ಮೂರೂ ಸ್ವರ ಬಂದವು. ದಪ್ಪ ಎರಡು ತಂತಿ ಮುಟ್ಟದೆ ಬಿಟ್ಟರೆ ಆಯಿತು. ಆರೂ ತಂತಿ ಒತ್ತುವ ಪೂರ್ತಿ ಬಾರ್ರೆ ಹಿಡಿತ ಆಮೇಲೆ ಕೈ ಪಳಗಿದಾಗ ಬರುತ್ತದೆ, ಹಾಡು ಅದಕ್ಕಾಗಿ ನಿಲ್ಲಬೇಕಿಲ್ಲ. ಥಿಯರಿ ಕೈ ನೋವು ಕಡಿಮೆ ಮಾಡುತ್ತದೆ ಅಂದರೆ ಜನ ನಂಬಲ್ಲ, ಆದರೆ ಇದು ಅದೇ.

ಕಾರ್ಡ್‌ಗಳಿಗೆ ಅಂಕಿ ಹಾಕುವುದು ಕೊನೆಯ ಪಾಠ. ಜಿ ಸ್ಕೇಲಿನಲ್ಲಿ 1, 4, 5, 6 ಅಂದರೆ ಜಿ, ಸಿ, ಡಿ, ಇ ಮೈನರ್. ಎ ಸ್ಕೇಲಿನಲ್ಲಿ ಎ, ಡಿ, ಇ, ಎಫ್ ಶಾರ್ಪ್ ಮೈನರ್. ಅಮೆರಿಕದ ನ್ಯಾಶ್‌ವಿಲ್‌ನ ಸ್ಟುಡಿಯೋಗಳಲ್ಲಿ ವಾದಕರು ಹಾಡುಗಳನ್ನು ಈ ಅಂಕಿಯಲ್ಲೇ ಬರೆದುಕೊಳ್ಳುತ್ತಾರೆ, ಹಾಡುವವರ ಶ್ರುತಿ ಬದಲಾದರೂ ಕಾಗದ ಬದಲಾಗಬಾರದು ಅಂತ. ಇದನ್ನು ಕಲಿಯಲು ಗಿಟಾರ್ ಕೂಡ ಬೇಡ. ಕಲ್ಯಾಣ್ ಲೋಕಲ್‌ನಲ್ಲಿ ನಿಂತುಕೊಂಡೇ, ಥಾಣೆ ಬರೋದರೊಳಗೆ ಡಿ ಸ್ಕೇಲಿನ ನಾಲ್ಕನೆಯದು ಯಾವುದು, ಎ ಸ್ಕೇಲಿನ ಆರನೆಯದು ಯಾವುದು ಅಂತ ಮನಸ್ಸಲ್ಲೇ ಕೇಳಿಕೊಳ್ಳಬಹುದು.

ಸರಿಗಮ ಗೊತ್ತಿದ್ದವರ ದಾರಿ

ಇದರ ಬಗ್ಗೆ ನನಗೆ ಹೆಚ್ಚು ಹೇಳಬೇಕಿದೆ. ಯಾಕೆಂದರೆ ನಮ್ಮ ಎಷ್ಟೋ ಮಕ್ಕಳ ಕಿವಿಯಲ್ಲಿ ಅರ್ಧ ಥಿಯರಿ ಈಗಾಗಲೇ ಕೂತಿದೆ, ಗಿಟಾರ್ ಕ್ಲಾಸ್‌ನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಹೊಸದಾಗಿ ಡೋ ರೇ ಮಿ ಅಂತ ಮೊದಲಿನಿಂದ ಶುರು ಮಾಡಿಸುತ್ತಾರೆ. ವರ್ಷಗಟ್ಟಲೆ ಕಲಿತಿದ್ದು ಸುಮ್ನೆ ಪಕ್ಕಕ್ಕೆ ಹೋಗುತ್ತದೆ. ಇದು ನನಗೆ ನಿಜವಾಗಿಯೂ ಬೇಸರ ತರಿಸುವ ವಿಷಯ.

ಮೇಲೆ ಹೇಳಿದ ಮೇಜರ್ ಸ್ಕೇಲ್ ನಮ್ಮ ಧೀರ ಶಂಕರಾಭರಣ, 29ನೇ ಮೇಳ. ಹಿಂದೂಸ್ತಾನಿಯವರಿಗೆ ಬಿಲಾವಲ್ ಥಾಟ್. ನ್ಯಾಚುರಲ್ ಮೈನರ್ ಅಂದರೆ ನಟಭೈರವಿ. ಸರಳೆ ವರಸೆ ಹಾಡಿದ ಮಾಯಾಮಾಳವಗೌಳವನ್ನು ಒಂದೇ ತಂತಿಯಲ್ಲಿ ನುಡಿಸಿ ನೋಡಿ. ಖಾಲಿ ತಂತಿ, 1, 4, 5, 7, 8, 11, 12. ಶಂಕರಾಭರಣಕ್ಕೂ ಇದಕ್ಕೂ ರಿ ಮತ್ತು ದ ಎರಡೇ ವ್ಯತ್ಯಾಸ, ಎರಡೂ ಒಂದೊಂದು ಫ್ರೆಟ್ ಕೆಳಗೆ. ಸರಳೆ ವರಸೆ ಕಲಿತ ಹುಡುಗಿಗೆ ಇದನ್ನು ತೋರಿಸಿದರೆ ಫ್ರೆಟ್ ಹಲಗೆ ಒಮ್ಮೆಲೇ ಪರಿಚಯದ ಊರಿನ ಹಾಗೆ ಕಾಣುತ್ತದೆ.

ಇನ್ನೊಂದು ಅನುಕೂಲ. ನಮ್ಮ ಸ ಓಡಾಡುವ ಸ. ಯಾವ ಶ್ರುತಿಯಲ್ಲಾದರೂ ಸ ಸ ಆಗಿಯೇ ಇರುತ್ತದೆ. ಅಂಕಿ ಪದ್ಧತಿಯೂ ಅದೇ. 1, 4, 5 ಅಂದರೆ ಸ, ಮ, ಪ ಮೇಲೆ ಕಟ್ಟಿದ ಕಾರ್ಡ್‌ಗಳು. ಶ್ರುತಿ ಬದಲಾಯಿಸುವುದು ಟ್ಯಾಬ್ ಹುಡುಗನಿಗೆ ತಲೆನೋವು, ಸರಿಗಮದಿಂದ ಬಂದವಳಿಗೆ ದಿನದ ಮಾತು.

ಭಾವಗೀತೆಗೆ, ದಾಸರ ಪದಕ್ಕೆ ಗಿಟಾರ್ ಹಿಡಿಯುವವರಿಗೆ ಈ ದಾರಿ ಬಿಟ್ಟು ಬೇರೆ ಇಲ್ಲ ಅಂತಲೇ ಹೇಳುತ್ತೇನೆ. ಅದೇ ರಿಹರ್ಸಲ್, ಕ್ಯಾಪೋ ಒಂದಕ್ಕೆ, ಡಿ ಆಕಾರ. ಮುಂದಿನ ಹಾಡು ಕಲ್ಯಾಣಿಯಲ್ಲಿ. ಸ ಅಂದರೆ ಡಿ ಆಕಾರ. ಅಭ್ಯಾಸದ ಮೇಲೆ ಕೈ ನಾಲ್ಕನೇ ಕಾರ್ಡ್‌ಗೆ, ಅಂದರೆ ಜಿಗೆ ಹೋಗುತ್ತದೆ. ಆ ಜಿಯಲ್ಲಿ ಇರುವುದು ಶುದ್ಧ ಮ. ಹಾಡುತ್ತಿರುವುದು ಪ್ರತಿ ಮಧ್ಯಮ. ಎರಡೂ ಪಕ್ಕಪಕ್ಕದ ಫ್ರೆಟ್, ಒಟ್ಟಿಗೆ ಬಿದ್ದಾಗ ಎದುರಿಗೆ ಕೂತವರಿಗೆ ಥಿಯರಿ ಗೊತ್ತಿಲ್ಲದಿದ್ದರೂ ಏನೋ ಸರಿಯಿಲ್ಲ ಅನಿಸುತ್ತದೆ. ಜಿ ಬದಲು ಇ ಮೇಜರ್ ಹಿಡಿಯಿರಿ. ಅದರಲ್ಲಿರುವುದು ರಿ, ಪ್ರತಿ ಮ, ದ. ಮೂರೂ ಕಲ್ಯಾಣಿಯ ಸ್ವರ. ಹಾಡು ಅಲ್ಲೇ ಅರಳುತ್ತದೆ.

ಮೋಹನದಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ ಮ ಇಲ್ಲ, ನಿ ಇಲ್ಲ. ನಾಲ್ಕನೇ ಕಾರ್ಡ್‌ನಲ್ಲಿ ಮ ಇದೆ, ಐದನೆಯದರಲ್ಲಿ ನಿ ಇದೆ. ಪೂರ್ತಿ ಒಳಗೆ ಕೂರುವ ಕಾರ್ಡ್ ಎರಡೇ, ಒಂದನೆಯದು ಮತ್ತು ಆರನೆಯ ಮೈನರ್. ಉಳಿದ ಕಡೆ ಪ ಮತ್ತು ರಿ ಎರಡೇ ತಂತಿ ಮೀಟಿ ಸುಮ್ಮನಿರುವುದು ಎಷ್ಟೋ ವಾಸಿ. ಹಾಡುವವರಿಗೆ ಜಾಗ ಬಿಡುವುದೂ ಪಕ್ಕವಾದ್ಯದ ಕೆಲಸವೇ.

ಈ ದಾರಿಯ ಮಿತಿಯನ್ನೂ ಹೇಳಬೇಕು. ನಮ್ಮ ಪದ್ಧತಿಯಲ್ಲಿ ಕಾರ್ಡ್ ಇಲ್ಲ, ಹಾರ್ಮನಿ ಇಲ್ಲ. ಅದನ್ನು ಪಾಶ್ಚಾತ್ಯ ಥಿಯರಿಯಿಂದಲೇ ಕಲಿಯಬೇಕು. ಗಮಕ ಫ್ರೆಟ್ ಮೇಲೆ ಸುಲಭವಾಗಿ ಬರಲ್ಲ, ತಂತಿ ಎಳೆದು ಸಾಧಿಸಬೇಕು. ಪ್ರಸನ್ನ ಅವರಂಥವರು ಗಿಟಾರ್‌ನಲ್ಲಿ ಪೂರ್ತಿ ಕರ್ನಾಟಕ ಕಛೇರಿ ಮಾಡುತ್ತಾರೆ. ವಿಶ್ವಮೋಹನ ಭಟ್ ಗಿಟಾರನ್ನೇ ಮೋಹನವೀಣೆಯಾಗಿ ಬದಲಿಸಿ ಹಿಂದೂಸ್ತಾನಿ ನುಡಿಸಿದರು. ಆ ಮಟ್ಟದ ಸಾಧನೆಯ ವಿಷಯವೇ ಬೇರೆ.

ಲಯದ ಬಗ್ಗೆಯೂ ಒಂದು ಮಾತು. ಥಿಯರಿ ಅಂದಾಕ್ಷಣ ಎಲ್ಲರೂ ಸ್ಕೇಲ್ ಬಗ್ಗೆಯೇ ಮಾತಾಡುತ್ತಾರೆ. ಹೊಸಬರು ಎಲ್ಲ ಹಾಡಿಗೂ ಡೌನ್, ಡೌನ್-ಅಪ್, ಅಪ್-ಡೌನ್-ಅಪ್ ಹೊಡೆಯುತ್ತಾರೆ. ಅದು ನಾಲ್ಕರ ಲೆಕ್ಕ, ಕೆಹರ್ವಾ ತಾಳಕ್ಕೆ ಸರಿ. ಹಾಡು ದಾದ್ರಾದಲ್ಲಿದ್ದರೆ, ಅಂದರೆ ಆರು ಮಾತ್ರೆ, ತಬಲಾ "ಧಾ ಧೀ ನಾ, ಧಾ ತೂ ನಾ" ಅನ್ನುವಾಗ ಗಿಟಾರ್ ಬೇರೆ ಊರಿಗೆ ಹೊರಟಿರುತ್ತದೆ. ಮೂರು ಮೂರು ಎಣಿಸಿ, ಒಂದಕ್ಕೆ ದಪ್ಪ ತಂತಿ, ಎರಡು ಮೂರಕ್ಕೆ ಸಣ್ಣ ತಂತಿಗಳು. ಕೈಯಲ್ಲಿ ತಾಳ ಹಾಕಿ ಹಾಡಿದವರಿಗೆ ಇದು ಕೂಡಲೇ ಸಿಗುತ್ತದೆ.

ನೊಟೇಶನ್ ಮತ್ತು ಗ್ರೇಡ್

ಮುಂಬೈ, ಗೋವಾ ಎರಡೂ ಕಡೆ ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಪೋರ್ಚುಗೀಸರ ಕಾಲದಲ್ಲಿ ಗೋವಾದ ಇಗರ್ಜಿಗಳ ಶಾಲೆಗಳಲ್ಲಿ ಮಕ್ಕಳು ಪಿಟೀಲಿನ ಜೊತೆ ನೊಟೇಶನ್ ಓದಿ ಬರೆಯುವುದನ್ನೂ ಕಲಿಯುತ್ತಿದ್ದರು. ಅಲ್ಲಿಂದ ಬಂದವರೇ ಬೊಂಬಾಯಿಯ ಸಿನಿಮಾ ಆರ್ಕೆಸ್ಟ್ರಾಗಳನ್ನು ತುಂಬಿದರು. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮೇಲೆ ರಾಗ ಹಾಡಿ ತೋರಿಸಿದರೆ, ಸೆಬಾಸ್ಟಿಯನ್ ಡಿಸೋಜ, ಆಂಟನಿ ಗೊನ್ಸಾಲ್ವಿಸ್ ಥರದವರು ಅದನ್ನು ಇಡೀ ವಾದ್ಯವೃಂದಕ್ಕೆ ಬರೆದು ಹಂಚುತ್ತಿದ್ದರು. ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಪಿಟೀಲು ಕಲಿತಿದ್ದು ಇದೇ ಗೊನ್ಸಾಲ್ವಿಸ್ ಹತ್ತಿರ. ಹತ್ತಾರು ಜನ ಒಟ್ಟಿಗೆ ಕೂತು ನುಡಿಸಬೇಕಾದಾಗ ಬರೆದ ಕಾಗದಕ್ಕೆ ಸಾಟಿ ಇಲ್ಲ.

ನಿಮಗೆ ಸ್ಟುಡಿಯೋ ಕೆಲಸ, ಕ್ಲಾಸಿಕಲ್ ಗಿಟಾರ್, ಹೊರದೇಶದ ಸಂಗೀತ ಕಾಲೇಜು, ಅಥವಾ ಮುಂದೆ ಪಾಠ ಹೇಳುವ ಯೋಚನೆ ಇದ್ದರೆ ಈ ದಾರಿ ಹಿಡಿಯಿರಿ. ಗಿಟಾರ್‌ನಲ್ಲಿ ನೊಟೇಶನ್ ಓದುವುದು ಕೀಬೋರ್ಡ್‌ಗಿಂತ ಕಷ್ಟ ಅನ್ನುವುದು ಗೊತ್ತಿರಲಿ. ಸಣ್ಣ ಇ ತಂತಿಯ ಖಾಲಿ ಸ್ವರವೇ ಬಿ ತಂತಿಯ 5ರಲ್ಲಿ, ಜಿ ತಂತಿಯ 9ರಲ್ಲಿ, ಡಿ ತಂತಿಯ 14ರಲ್ಲೂ ಸಿಗುತ್ತದೆ. ಕಾಗದದಲ್ಲಿ ಚುಕ್ಕಿ ಒಂದೇ, ಎಲ್ಲಿ ಒತ್ತಬೇಕು ಅಂತ ನೀವೇ ನಿರ್ಧರಿಸಬೇಕು.

ಪರೀಕ್ಷೆಗಳೂ ಒಂದೇ ಥರ ಇಲ್ಲ. ಎಬಿಆರ್‌ಎಸ್‌ಎಂ, ಟ್ರಿನಿಟಿ, ರಾಕ್‌ಸ್ಕೂಲ್ ಮೂರೂ ಬ್ರಿಟನ್ನಿನ ಸಂಗೀತ ಪರೀಕ್ಷೆಗಳು. ಎಬಿಆರ್‌ಎಸ್‌ಎಂನಲ್ಲಿ 6ನೇ ಗ್ರೇಡ್‌ನ ಪ್ರಾಕ್ಟಿಕಲ್‌ಗೆ ಹೋಗುವ ಮುಂಚೆ ಸಾಮಾನ್ಯವಾಗಿ 5ನೇ ಗ್ರೇಡ್‌ನ ಥಿಯರಿ ಪಾಸಾಗಬೇಕು, ಮತ್ತು ಅವರ ಗಿಟಾರ್ ಪಠ್ಯ ಕ್ಲಾಸಿಕಲ್ ಗಿಟಾರ್‌ನದು. ಟ್ರಿನಿಟಿಯಲ್ಲಿ ಪ್ರಾಕ್ಟಿಕಲ್‌ಗೆ ಥಿಯರಿಯ ಕಡ್ಡಾಯ ಇಲ್ಲ. ರಾಕ್‌ಸ್ಕೂಲ್ ಎಲೆಕ್ಟ್ರಿಕ್ ಕಡೆಯವರಿಗೆ ಹತ್ತಿರ, ಅದರಲ್ಲಿ ಕಿವಿಯ ಪರೀಕ್ಷೆಯೂ ಇರುತ್ತದೆ. ಪುಸ್ತಕಗಳು ಧೋಬಿ ತಲಾವ್‌ನ ಫುರ್ಟಾಡೋಸ್‌ನಲ್ಲಿ ಸಿಗುತ್ತವೆ. ಒಂದು ಸಲ ಹೋಗಿ ಪುಟ ತಿರುವಿ ನೋಡಿ, ಫೀಸು ಕಟ್ಟುವ ಮುಂಚೆ. ಮಗುವಿಗೆ ಆ ಹಾಡುಗಳು ಇಷ್ಟವಾಗುತ್ತವಾ ಅಂತ ಅಲ್ಲೇ ಗೊತ್ತಾಗುತ್ತದೆ.

ಒಂದು ಆತಂಕ ಮಾತ್ರ ಇದೆ. ವರ್ಷಕ್ಕೆ ಮೂರು ಪೀಸ್ ತಿದ್ದಿ ತೀಡಿ ಪರೀಕ್ಷೆ ಪಾಸಾದ ಮಕ್ಕಳು, ಯಾರಾದರೂ ಪಕ್ಕದಲ್ಲಿ ಹಾಡು ಶುರು ಮಾಡಿದರೆ ಕೈ ಕಟ್ಟಿ ಕೂರುತ್ತಾರೆ. ಸರ್ಟಿಫಿಕೇಟ್ ಇದೆ, ಜೊತೆಗೂಡುವ ಧೈರ್ಯ ಇಲ್ಲ. ಗ್ರೇಡ್ ಕಟ್ಟಿಸುವವರು ವಾರಕ್ಕೆ ಒಂದು ಸಲವಾದರೂ ಕಾಗದ ಮುಚ್ಚಿ ಯಾರದಾದರೂ ಜೊತೆ ನುಡಿಸುವ ಹಾಗೆ ನೋಡಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು

ಕೆಲಸದಿಂದ ಬಂದು ಮನಸ್ಸು ಹಗುರ ಮಾಡಿಕೊಳ್ಳಲು ನುಡಿಸುವವರು ಟ್ಯಾಬ್‌ನಲ್ಲೇ ಇರಿ, ಯಾರಿಗೂ ಉತ್ತರ ಕೊಡಬೇಕಿಲ್ಲ. ಗಣೇಶೋತ್ಸವದಲ್ಲಿ, ಸಂಘದ ಕಾರ್ಯಕ್ರಮದಲ್ಲಿ, ಗೆಳೆಯರ ಬ್ಯಾಂಡ್‌ನಲ್ಲಿ ನುಡಿಸುವವರಿಗೆ ಎರಡನೇ ದಾರಿ. ಸಂಗೀತ ಕಲಿತ ಮನೆಯವರು ಮೂರನೆಯದರಿಂದ ಶುರು ಮಾಡಿ ಎರಡನೆಯದಕ್ಕೆ ಬನ್ನಿ. ಇದೇ ಹೊಟ್ಟೆಪಾಡು ಆಗಬೇಕು ಅನ್ನುವವರಿಗೆ ನಾಲ್ಕೂ ಬೇಕು. ಸ್ವಂತ ಹಾಡು ಕಟ್ಟುವವರು ಥಿಯರಿಯಿಂದ ತಮ್ಮತನ ಹೋಗುತ್ತದೆ ಅಂತ ಹೆದರುವುದನ್ನು ಕೇಳಿದ್ದೇನೆ. ಏಳೂ ಸ್ವರ ಕಲಿತು ಯಾವ ದೊಡ್ಡ ಹಾಡುಗಾರರ ತಮ್ಮತನವೂ ಹೋಗಿಲ್ಲ.

ಮೇಷ್ಟ್ರನ್ನು ಹುಡುಕುವಾಗ ಮೊದಲ ದಿನವೇ ಒಂದು ಪ್ರಶ್ನೆ ಕೇಳಿ. ನಿಮಗೆ ಗೊತ್ತಿರುವ ಒಂದು ಹಾಡು ಹೇಳಿ, ಇದನ್ನು ಕಾಳೀ ಏಕ್‌ಗೆ ಹೇಗೆ ತರೋದು ಅನ್ನಿ. ಸಿ ಆಕಾರ ಹಿಡಿದು ಕ್ಯಾಪೋ ಒಂದಕ್ಕೆ, ಎ ಆಕಾರವಾದರೆ ನಾಲ್ಕಕ್ಕೆ, ಯಾಕೆ ಅಂದರೆ ಹೀಗೆ ಅಂತ ಗಿಟಾರ್ ಮೇಲೆ ತೋರಿಸಿದರೆ, ಅವರ ಹತ್ತಿರ ಸರ್ಟಿಫಿಕೇಟ್ ಇರಲಿ ಬಿಡಲಿ, ಅಲ್ಲೇ ಸೇರಿಕೊಳ್ಳಿ. ಅದೆಲ್ಲ ಆಮೇಲೆ ನೋಡೋಣ ಅಂದರೆ ಇನ್ನೊಂದು ಕಡೆ ವಿಚಾರಿಸಿ.